ಬಲಹೀನನಿಗೆ ಹರಿಯೇ ಬಲ: ಶ್ರೀಜಗನ್ನಾಥದಾಸಾರ್ಯರ ಜೀವನದ ಒಂದು ಘಟ್ಟ

ಹರಿದಾಸ ಸಾಹಿತ್ಯದ ಇತಿಹಾಸದಲ್ಲಿ 18ನೆಯ ಶತಮಾನವನ್ನು ಎರಡನೆಯ ವಸಂತಕಾಲವೆಂದರೆ ತಪ್ಪಾಗಲಾರದು. ಶ್ರೀವ್ಯಾಸರಾಜರು, ಶ್ರೀವಾದಿರಾಜರು, ಪುರಂದರದಾಸರು, ಕನಕದಾಸರು ಬೆಳೆಸಿದ ದಾಸಪಂಥವು 1565ರಲ್ಲಿ ವಿಜಯನಗರವು ಪತನಗೊಂಡ ತರುವಾಯ ಕೆಲಕಾಲ ಮಂಕಾಗಿ, ಕೃಷ್ಣಾ-ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ ಮತ್ತೆ ಚಿಗುರಿತು. ಚೀಕಲಪರವಿಯ ಶ್ರೀವಿಜಯದಾಸರು (1682–1755), ಅವರ ಶಿಷ್ಯರಾದ ಮೊಸರಕಲ್ಲಿನ ಶ್ರೀಗೋಪಾಲದಾಸರು, ಮಾನವಿಯ ಶ್ರೀಜಗನ್ನಾಥದಾಸರು ಈ ಸೀಮೆಯ ರತ್ನತ್ರಯರು.

ಶ್ರೀಜಗನ್ನಾಥದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯ. 1728ರಲ್ಲಿ ಮಾನವಿಯ ಸಮೀಪದ ಬ್ಯಾಗವಟ ಗ್ರಾಮದಲ್ಲಿ ಜನನ. ಮಂತ್ರಾಲಯದ ಶ್ರೀವರದೇಂದ್ರತೀರ್ಥರ ಸನ್ನಿಧಿಯಲ್ಲಿ ಶಾಸ್ತ್ರಾಧ್ಯಯನ ಮಾಡಿ, ಎಳೆಯ ವಯಸ್ಸಿನಲ್ಲಿಯೇ ಪ್ರಕಾಂಡ ಪಂಡಿತರೆಂಬ ಕೀರ್ತಿಗೆ ಪಾತ್ರರಾದರು. ದೇವಭಾಷೆಯಲ್ಲಿ ಮುಳುಗಿದ್ದ ಆ ಪಂಡಿತರಿಗೆ ತಾಳ ತಂಬೂರಿ ಹಿಡಿದು ಕನ್ನಡದಲ್ಲಿ ಹಾಡುವ ದಾಸರ ವಿಷಯದಲ್ಲಿ ಆದರವಿರಲಿಲ್ಲ.

ಮುಂದಿನ ವೃತ್ತಾಂತವನ್ನು ಸಂಪ್ರದಾಯವು ಹೀಗೆ ಹೇಳುತ್ತದೆ. ಮಾನವಿಗೆ ಬಂದ ವಿಜಯದಾಸರು ಪ್ರಸಾದಕ್ಕೆ ಕರೆಕಳುಹಿಸಿದಾಗ ಆಚಾರ್ಯರು ಹೊಟ್ಟೆನೋವೆಂಬ ನೆಪ ಹೇಳಿ ತಪ್ಪಿಸಿಕೊಂಡರು. ಕೆಲದಿನಗಳಲ್ಲಿ ನೆಪವೇ ನಿಜವಾಯಿತು. ಅನ್ನವು ದಕ್ಕದೆ ಶರೀರವು ಕೃಶವಾಯಿತು. ಔಷಧಗಳು ಫಲಿಸಲಿಲ್ಲ. ಸಭೆಗಳನ್ನು ಗೆದ್ದ ವಿದ್ಯೆಯೂ ಒಂದು ತುತ್ತನ್ನು ಅರಗಿಸಲಾರದೆ ಹೋಯಿತು. ಮಂತ್ರಾಲಯದಲ್ಲಿ ರಾಯರ ಸೇವೆಗೆ ನಿಂತಾಗ, ವಿಜಯದಾಸರಲ್ಲಿಗೇ ಹೋಗಬೇಕೆಂದು ಸ್ವಪ್ನದಲ್ಲಿ ಆದೇಶವಾಯಿತು. ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಅಭಿಮಂತ್ರಿಸಿದ ಜೋಳದ ಭಕ್ಕರಿಯನ್ನು ಉಣ್ಣಿಸಿ ರೋಗವನ್ನು ನೀಗಿದರು. ತಮ್ಮ ಆಯುಸ್ಸಿನ 40 ವರ್ಷಗಳನ್ನು ಧಾರೆಯೆರೆದರು. ಬಳಿಕ ಪಂಢರಪುರದ ಚಂದ್ರಭಾಗೆಯಲ್ಲಿ ಮಿಂದಾಗ 'ಜಗನ್ನಾಥವಿಠಲ' ಎಂಬ ಅಂಕಿತವು ಲಭಿಸಿತು.

ಆಯುರ್ದಾನವು ಶ್ರದ್ಧೆಯ ವಿಷಯ. ಇತಿಹಾಸವು ನಿಸ್ಸಂದೇಹವಾಗಿ ಹೇಳಬಲ್ಲುದು ಇಷ್ಟು: ಕನ್ನಡದ ಹಾಡನ್ನು ಕಡೆಗಣಿಸಿದ್ದ ಪಂಡಿತರು ಕನ್ನಡದಲ್ಲಿಯೇ, ಭಾಮಿನೀ ಷಟ್ಪದಿಯಲ್ಲಿ, 'ಹರಿಕಥಾಮೃತಸಾರ'ವೆಂಬ ಮಹಾಗ್ರಂಥವನ್ನು ರಚಿಸಿದರು. ಮುಂದೆ ವಿದ್ವಾಂಸರೇ ಅದಕ್ಕೆ ವ್ಯಾಖ್ಯಾನಗಳನ್ನು ಬರೆದರು.

ಆ ಗ್ರಂಥದ ಕೆಲವು ಸಂಧಿಗಳನ್ನು ಈ ಹಿನ್ನೆಲೆಯಲ್ಲಿ ನೋಡುವುದು ಉಚಿತ. ಅನ್ನವು ದಕ್ಕದೆ ಬಳಲಿದ್ದವರು 'ಭೋಜನರಸವಿಭಾಗಸಂಧಿ'ಯಲ್ಲಿ, ಉಣ್ಣುವ ಪದಾರ್ಥಗಳಲ್ಲಿಯೂ ರಸಗಳಲ್ಲಿಯೂ ಭಗವದ್ರೂಪಗಳನ್ನು ಚಿಂತಿಸುವ ಕ್ರಮವನ್ನು ತಿಳಿಸಿದರು. 'ಶ್ವಾಸಸಂಧಿ'ಯಲ್ಲಿ, ಜೀವನು ಮಲಗಿದ್ದರೂ ಎಚ್ಚರವಿದ್ದರೂ ಅವನೊಳಗಿದ್ದು ದಿನಕ್ಕೆ 21,600 ಹಂಸಮಂತ್ರಜಪವನ್ನು ನಡೆಸುವ ಮುಖ್ಯಪ್ರಾಣದೇವರ ಮಹಿಮೆಯನ್ನು ನಿರೂಪಿಸಿದರು. ರೋಗಿಯು ಜಪಸರವನ್ನು ಹಿಡಿಯಲಾರದಿದ್ದರೂ ಒಳಗಿನ ಜಪವು ನಿಲ್ಲದು. ದುರ್ಬಲನಿಗೆ ಇದಕ್ಕಿಂತ ಮಿಗಿಲಾದ ಅಭಯವುಂಟೇ?

ಹಾಗಾದರೆ ಜೀವನು ಕೈಕಟ್ಟಿ ಕುಳಿತಿರಬೇಕೇ? ಈ ಶಂಕೆಗೆ 'ದತ್ತಸ್ವಾತಂತ್ರ್ಯಸಂಧಿ'ಯ ಹೆಸರೇ ಉತ್ತರ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಪರತಂತ್ರ. ಆದರೂ ಜೀವನ ಯೋಗ್ಯತೆಗೆ ಅನುಗುಣವಾಗಿ ಭಗವಂತನು ಅಷ್ಟಿಷ್ಟು ಸ್ವಾತಂತ್ರ್ಯವನ್ನು ಕೊಟ್ಟಿದ್ದಾನೆ. ಆದುದರಿಂದ ಪ್ರಯತ್ನವನ್ನು ಬಿಡುವಂತಿಲ್ಲ. ಪ್ರಯತ್ನಿಸುವ ಬಲವು ತನ್ನದೆಂದು ಬೀಗುವಂತೆಯೂ ಇಲ್ಲ. ಬಲವಿದ್ದಾಗ ಇದು ಬಾಯಿಪಾಠದ ಮಾತು. ಬಲವು ಕುಂದಿದಾಗ ಅನುಭವದ ಮಾತು. ಶ್ರೀನಿವಾಸಾಚಾರ್ಯರು ಶಾಸ್ತ್ರದಿಂದ ಕಲಿತಿದ್ದ ಪಾರತಂತ್ರ್ಯವನ್ನು ಶ್ರೀಜಗನ್ನಾಥದಾಸರು ಒಂದು ತುಂಡು ಭಕ್ಕರಿಯಲ್ಲಿ ಕಂಡುಕೊಂಡರು.

1809ರ ಭಾದ್ರಪದ ಶುದ್ಧ ನವಮಿಯಂದು ದಾಸಾರ್ಯರು ಮಾನವಿಯಲ್ಲಿ ಹರಿಪುರವನ್ನು ಸೇರಿದರು. ಅಲ್ಲಿಯ ಸ್ತಂಭದಲ್ಲಿ ಅವರ ಸನ್ನಿಧಾನವಿದೆಯೆಂಬ ನಂಬಿಕೆಯಿಂದ ಭಕ್ತರು ಇಂದಿಗೂ ಸೇವೆ ಸಲ್ಲಿಸುತ್ತಾರೆ. ತಾಯ್ನಾಡಿನಿಂದ ದೂರದ ನಗರಗಳಲ್ಲಿ ನೆಲೆಸಿದ ಮನೆಗಳಲ್ಲಿಯೂ ಹರಿಕಥಾಮೃತಸಾರದ ಪಾರಾಯಣವು ನಡೆದುಬಂದಿದೆ. ಹಾಸಿಗೆ ಹಿಡಿದ ಹಿರಿಯರೊಬ್ಬರು ಅದನ್ನು ಕೇಳಿಸಿಕೊಳ್ಳುವಾಗ, ಅದು ಒಮ್ಮೆ ತಮ್ಮಂತೆಯೇ ಬಳಲಿದ್ದ ಮಹನೀಯರೊಬ್ಬರ ವಾಣಿಯೆಂದು ನೆನೆದರೆ ಸಾಕು. ಆ ಪಾರಾಯಣವು ಸಾರ್ಥಕ.

॥ ಶ್ರೀಕೃಷ್ಣಾರ್ಪಣಮಸ್ತು ॥