ರೆಕ್ಕೆಗೂ ಇಸ್ತ್ರಿ

ಇಸ್ತ್ರಿಪೆಟ್ಟಿಗೆಗೂ ವಿಮಾನಕ್ಕೂ ನಂಟುಂಟು ಎಂದರೆ ನೀವು ನಕ್ಕೀರಿ. ಆದರೆ ರೇಡಿಯೋದಿಂದ ನಡೆಸುವ ಮಾದರಿ ವಿಮಾನ ಕಟ್ಟುವವರು ಹಗುರವಾದ ಬಾಲ್ಸಾ ಮರದ ಪಟ್ಟಿಗಳಿಂದ ರೆಕ್ಕೆಯ ಹಂದರ ಮಾಡಿ, ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಹಾಕುತ್ತಾರೆ. ಹಾಳೆ ಕುಗ್ಗಿ ಮೃದಂಗದ ಚರ್ಮದಂತೆ ಬಿಗಿಯಾಗುತ್ತದೆ. ಬಿಸಿ ಮಿತಿಮೀರಿದರೆ ರೇಷ್ಮೆ ಸೀರೆಗೆ ಆಗುವ ಗತಿಯೇ ಅದಕ್ಕೂ.

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಗುಡ್ ಎಂಬ ಮನೆತನದ ಅವಳಿ ಸಹೋದರರಿದ್ದರು. ವಾಲ್ಟರನಿಗೆ ಮಾದರಿ ವಿಮಾನದ ಹುಚ್ಚು, ವಿಲಿಯಮನಿಗೆ ರೇಡಿಯೋ ಹುಚ್ಚು. ಎರಡು ಹುಚ್ಚೂ ಸೇರಿ 1937ರಲ್ಲಿ ಅವರ ‘ಗಫ್’ ಹಾರಿತು. ನೆಲದಿಂದ ಸಂಕೇತ ಕಳಿಸಿದರೆ, ವಿಮಾನದೊಳಗೆ ಹುರಿಮಾಡಿಟ್ಟ ರಬ್ಬರ್ ಬ್ಯಾಂಡಿನ ಬಲದಿಂದ ಚುಕ್ಕಾಣಿ ಹೊರಳುತ್ತಿತ್ತು. ಆ ವಿಮಾನ ಇಂದು ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಆಗಿನ ಚುಕ್ಕಾಣಿಗೆ ಪೂರ್ತಿ ತಿರುಗುವುದು, ಇಲ್ಲವೇ ಸುಮ್ಮನಿರುವುದು ಎರಡೇ ಗೊತ್ತು. ಕಡ್ಡಿಯನ್ನು ಎಷ್ಟು ಸರಿಸಿದರೆ ಚುಕ್ಕಾಣಿಯೂ ಅಷ್ಟೇ ಸರಿಯುವ ಏರ್ಪಾಟು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಅಲ್ಲಿಂದ ಗಗನದಲ್ಲಿ ಲಾಗ, ಪಲ್ಟಿ, ಸುತ್ತುಗಳೆಲ್ಲ ನಯವಾದವು. 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಈ ಕಸರತ್ತಿನ ಮೊದಲ ವಿಶ್ವ ಸ್ಪರ್ಧೆ ನಡೆದು ಅಮೆರಿಕದ ಎಡ್ ಕಜ್‌ಮಿರ್‌ಸ್ಕಿ ಗೆದ್ದ. 1977ರಲ್ಲಿ ಆಸ್ಟ್ರಿಯಾದ ಹಾನೋ ಪ್ರೆಟ್ನರ್ ವಿಶ್ವ ವಿಜೇತನಾದ. 1974ರಿಂದ 2002ರವರೆಗೆ ಲಾಸ್ ವೇಗಸ್‌ನ ಬಿಲ್ ಬೆನೆಟ್ ಎಂಬ ಹೋಟೆಲ್ ಉದ್ಯಮಿ ದೊಡ್ಡ ಬಹುಮಾನವಿಟ್ಟು ಪಂದ್ಯ ನಡೆಸಿದ. ಮಾದರಿಗಳೂ ದೊಡ್ಡದಾಗುತ್ತ ಬಂದು, ನಿಜ ವಿಮಾನದ ನೂರಕ್ಕೆ ನಲವತ್ತರಷ್ಟು ಅಳತೆಗೆ ಮುಟ್ಟಿದವು.

ದೊಡ್ಡದೆಂದರೆ ಅಪಾಯವೂ ದೊಡ್ಡದು. ಮೊದಲು ತೂಕ ನೋಡಬೇಕು. ಇಬ್ಬರು ರೆಕ್ಕೆಗಳ ಕೆಳಗೆ ಬೆರಳಿಟ್ಟು ಎತ್ತಿದರೆ ತಕ್ಕಡಿಯಂತೆ ನಿಲ್ಲಬೇಕು. ಬಾಲ ಜಗ್ಗಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು. ಬಳಿಕ ಕಡ್ಡಿಯನ್ನು ಬಲಕ್ಕೆ ಸರಿಸಿ, ಬಲರೆಕ್ಕೆಯ ಹಿಂದಂಚಿನ ಪಟ್ಟಿ ಮೇಲೇಳುವುದೇ ಎಂದು ನೋಡಬೇಕು. ಅದು ತಿರುಗುಮುರುಗಾಗಿದ್ದರೆ ನೆಲ ಬಿಟ್ಟ ಕ್ಷಣದಲ್ಲೇ ಎಲ್ಲ ಮುಗಿದಂತೆ.

ನನ್ನ ತಂಗಿಯ ಮಗ ಇಂಥದೊಂದನ್ನು ಎರಡು ವರ್ಷ ಕಟ್ಟಿದ. “ಇಷ್ಟು ದುಡ್ಡು, ಇಷ್ಟು ನಿದ್ದೆ, ಒಂದೇ ಏಟಿಗೆ ಮಣ್ಣುಪಾಲಾದರೆ ಏನೋ ಮಾಡ್ತೀಯಾ?” ಎಂದಳು ತಂಗಿ. “ಬೀಳಬಹುದು ಅಂತಲೇ ಅಮ್ಮ, ಪ್ರತಿ ಸಲವೂ ಮೊದಲಿಂದ ನೋಡ್ಕೊಳ್ಳೋದು” ಎಂದ ಅವನು.

ಆದರೆ ಹೊಸಬರನ್ನು ಹೆಚ್ಚು ಕಾಡುವುದು ಬೇರೊಂದು. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ತಿರುಗಿ ನಮ್ಮೆದುರಿಗೆ ಬಂದಾಗ ಅದರ ಬಲ ನಮಗೆ ಎಡ. ನೆಲದ ಮೇಲೆ ನಿಂತೇ ಅದರೊಳಗೆ ಕೂತವರ ಹಾಗೆ ಯೋಚಿಸಿದವರ ಕೈಗೆ ಮಾತ್ರ ಅದು ಬಗ್ಗುತ್ತದೆ. ಬೆಳೆದ ಮಕ್ಕಳು ಎದುರು ನಿಂತಾಗ ನಾವು ಕಲಿಯಬೇಕಾದದ್ದೂ ಇದೇ ತಾನೆ?