ಹಳೇಬೀಡಿಗೆ ಎಷ್ಟು ಹೊತ್ತಿನ ದಾರಿ?

ಬೇಲೂರು, ಹಳೇಬೀಡು ನೋಡಲು ಬರುವವರಿಗೆ ಬೆಂಗಳೂರು ಏರ್‌ಪೋರ್ಟಿನಿಂದ ಇಷ್ಟು ಕಿಲೋಮೀಟರ್ ಎಂದರೆ ಸಮಾಧಾನವಾಗುವುದಿಲ್ಲ. ‘ಎಷ್ಟು ಗಂಟೆ ಹಿಡಿಯುತ್ತೆ?’ ಎಂದೇ ಕೇಳುತ್ತಾರೆ. ನಮ್ಮ ಸೀಮೆಯ ಚರಿತ್ರೆಯನ್ನೂ ಇದೇ ಪ್ರಶ್ನೆ ಹಿಡಿದು ಓದಬಹುದು ಎಂದು ನಮಗನ್ನಿಸಿದೆ.

1310ರ ನವೆಂಬರಿನಲ್ಲಿ ಮಲಿಕ್ ಕಾಫೂರನ ಸೇನೆ ದೆಹಲಿಯಿಂದ ಹೊರಟಿತು. ದೇವಗಿರಿಯ ಮೇಲೆ ಹಾದು ದ್ವಾರಸಮುದ್ರ, ಅಂದರೆ ಇಂದಿನ ಹಳೇಬೀಡು ಮುಟ್ಟಿದ್ದು 1311ರ ಫೆಬ್ರವರಿಯಲ್ಲಿ. ಮೂರು ತಿಂಗಳಿಗೂ ಹೆಚ್ಚಿನ ದಾರಿ. ಹೊಯ್ಸಳ ದೊರೆ ಮೂರನೇ ಬಲ್ಲಾಳ ಆಗ ಪಾಂಡ್ಯರ ನಾಡಿನ ಕಡೆಗೆ ದಂಡೆತ್ತಿ ಹೋಗಿದ್ದ. ಸುದ್ದಿ ತಿಳಿದು ಧಾವಿಸಿ ಬಂದರೂ ಸಂಪತ್ತನ್ನು ಒಪ್ಪಿಸಿ ಶರಣಾಗಬೇಕಾಯಿತು. ಇವತ್ತು ದೆಹಲಿಯಿಂದ ಬೆಂಗಳೂರಿಗೆ ಸುಮಾರು 1,700 ಕಿ.ಮೀ.; ವಿಮಾನ ಮೂರು ಗಂಟೆಯೊಳಗೆ ತಂದಿಳಿಸುತ್ತದೆ.

ವಿಮಾನಕ್ಕಿಂತ ಮೊದಲು ಬಂದದ್ದು ರೈಲು. 1889ರ ಹೊತ್ತಿಗೆ ಬೆಂಗಳೂರು–ಹರಿಹರ ಮೀಟರ್‌ಗೇಜ್ ಹಳಿ ಅರಸೀಕೆರೆಯನ್ನು ಹಾದುಹೋಯಿತು. ಮುಂದೆ ಹಾಸನದ ಮೇಲೆ ಮೈಸೂರಿನ ಹಳಿಯೂ ಬಂದು ಸೇರಿ ಊರು ಜಂಕ್ಷನ್ ಆಯಿತು. ಗಾಡಿಯಲ್ಲಿ ದಿನಗಟ್ಟಲೆ ಹೋಗುತ್ತಿದ್ದ ಬೆಂಗಳೂರು ಕೆಲವೇ ಗಂಟೆಗೆ ಇಳಿಯಿತು. ಆದರೆ ಹಳಿ ಹಳೇಬೀಡಿನತ್ತ ತಿರುಗಲಿಲ್ಲ. ಸ್ಟೇಷನ್ನಿನಲ್ಲಿ ಇಳಿದವರು ಎತ್ತಿನ ಗಾಡಿಯನ್ನೋ, ಆಮೇಲೆ ಬಸ್ಸನ್ನೋ ಹಿಡಿಯಬೇಕಿತ್ತು.

ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ಆ ದಾರಿಯಲ್ಲೇ ಜಾವಗಲ್ ಸಿಗುತ್ತದೆ. ಹೇಮಾವತಿ ಜಲಾಶಯದಲ್ಲಿ ಗೊರೂರಿನ ಕುಟುಂಬದ ಜಮೀನು ಮುಳುಗಿದಾಗ ಪರಿಹಾರವಾಗಿ ಸಿಕ್ಕ ಭೂಮಿ ಹುಡುಕಿಕೊಂಡು ಇಲ್ಲಿಗೆ ಬಂದವರು ಸೇನೆ ಬಿಟ್ಟ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಬೀಳುಭೂಮಿಯಲ್ಲಿ ಟೆಂಟ್ ಹಾಕಿದರು, ತೆಂಗು ಬೆಳೆದರು, ರೇಷ್ಮೆ ಸಾಕಿದರು. ಅದೇ ರೈತ ಕಟ್ಟಿದ ಏರ್ ಡೆಕ್ಕನ್‌ನ ವಿಮಾನ 2003ರ ಆಗಸ್ಟಿನಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಿತು. ರೈಲಿನಲ್ಲಿ ಒಂದು ರಾತ್ರಿ ಕಳೆಯುತ್ತಿದ್ದ ದೂರ ಸುಮಾರು ಒಂದು ಗಂಟೆಗೆ ಬಂತು. ಸಾಮಾನ್ಯರ ಕೈಗೆಟಕುವ ಟಿಕೆಟ್ ಎಂಬ ಮಾತೂ ಆಗಲೇ ಮನೆಮಾತಾಯಿತು. ಜಮೀನು ಮುಳುಗಿದ್ದಕ್ಕೆ ಸಿಕ್ಕ ನೆಲದಿಂದ ಅಂಥದೊಂದು ಯೋಚನೆ ಎದ್ದಿತೆಂಬುದು ಅದೇ ದಾರಿಯಲ್ಲಿ ಬಸ್ಸಿಗೆ ಕಾಯುವ ನಮಗೆ ಸಣ್ಣ ಸಂಗತಿಯಲ್ಲ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಏರ್ ಇಂಡಿಯಾ ವಿಮಾನ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ಸುಮಾರು 14,000 ಕಿ.ಮೀ., ಸುಮಾರು 17 ಗಂಟೆ. ಲೆಕ್ಕ ಹಾಕಿದರೆ ಗಂಟೆಗೆ 800 ಕಿ.ಮೀ. ದಾಟುತ್ತದೆ. ಹಾಗೆ ಬಂದಿಳಿದವರು ಬೇಲೂರಿಗೆ ಹೊರಟರೆ ರಸ್ತೆಯಲ್ಲಿ ಇನ್ನೂ ಐದು ಗಂಟೆ. ಗಂಟೆಗೆ ಐವತ್ತು ಕಿ.ಮೀ. ಸಾಗಿದರೆ ಹೆಚ್ಚು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಇನ್ನು ದೂರದವರು ಹೆಚ್ಚೇ ಬರುತ್ತಾರೆ. ಅವರ ಐದು ಗಂಟೆಯ ಬಗ್ಗೆ ಯೋಚಿಸುವವರು, ಇದೇ ರಸ್ತೆಯಲ್ಲಿ ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಹೋಗುವವರ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಲಿ.