ಪಡಿಯಚ್ಚು: ಕಲ್ಲಿನಿಂದ ಜಾಲಪುಟದವರೆಗೆ

ಚರಿತ್ರೆಯನ್ನು ಅಭ್ಯಾಸ ಮಾಡುವವರು ಮೂಲವನ್ನು ಕುರಿತು ಆಡುವಷ್ಟು ಮಾತನ್ನು ಪ್ರತಿಯನ್ನು ಕುರಿತು ಆಡುವುದಿಲ್ಲ. ಆದರೆ ನಮ್ಮ ಪ್ರಾಚೀನ ಕವಿಗಳ ಸ್ವಹಸ್ತದ ಓಲೆ ನಮಗೆಲ್ಲಿ ದೊರೆತಿದೆ? ನಾವು ಓದುತ್ತಿರುವುದೆಲ್ಲ ಪ್ರತಿಯ ಪ್ರತಿ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿಯನ್ನು ವಾಚಕರು ಬಲ್ಲರು. ಅದನ್ನು ಧರ್ಮಕಾರ್ಯವೆಂದು ಕೊಂಡಾಡುತ್ತೇವೆ. ಗ್ರಂಥರಕ್ಷಣೆಯ ಉಪಾಯವಾಗಿಯೂ ಅದು ದೊಡ್ಡದೇ. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದು ಮನೆಯ ಓಲೆ ಉಳಿಯುತ್ತದೆ.

ನಮ್ಮ ಹಾಸನ ಜಿಲ್ಲೆ ಈ ವಿಷಯದಲ್ಲಿ ಒಳ್ಳೆಯ ಪಾಠಶಾಲೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದರು. ಇಂದಿನ ಸಕಲೇಶಪುರ ತಾಲ್ಲೂಕು ಅದರಲ್ಲಿ ಮಂಜರಾಬಾದ್ ಎಂಬ ಹೆಸರಿನಿಂದ ಬರುತ್ತದೆ. ಶಾಸನದ ಪಾಠವನ್ನು ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಒಮ್ಮೆ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಸೇರಿಸಿ, ಕಲ್ಲು ಯಾವ ಊರಿನ ಯಾವ ಗುಡಿಯ ಬಳಿ ಇದೆಯೆಂಬುದನ್ನೂ ಅವರು ಗುರುತು ಮಾಡಿದರು. ಆಮೇಲೆ ಕಲ್ಲು ಒಡೆದಿರಲಿ, ಅಗಸೆಯ ಚಪ್ಪಡಿಯಾಗಿರಲಿ, ಮಾತಂತೂ ನಮ್ಮ ಕೈಯಲ್ಲಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಮೂಲಶಿಲೆ ಈಗ ಊರಿನಿಂದ ಹೊರಗೆ ಬೇರೆಡೆ ಇದೆ. ಊರಿನಲ್ಲಿರುವುದು ಅದರ ಪ್ರತಿಕೃತಿ.

ಶಾಸನವನ್ನು ನಕಲು ಮಾಡುವುದಕ್ಕೆ ಹಲವು ವಿಧಾನಗಳುಂಟು. ಕಣ್ಣಿನಿಂದ ನೋಡಿ ಕೈಯಿಂದ ಬರೆದುಕೊಳ್ಳಬಹುದು. ಆಗ ಬರೆಯುವವನ ಊಹೆಯೂ ಸೇರಿಕೊಳ್ಳುತ್ತದೆ. ಛಾಯಾಚಿತ್ರ ತೆಗೆಯಬಹುದು, ನೆರಳು ಬಿದ್ದಲ್ಲಿ ಅಕ್ಷರ ಮಾಯ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು, ಮಸಿಯುಂಡೆಯನ್ನು ಒತ್ತಿ ಪಡಿಯಚ್ಚು ತೆಗೆಯಬಹುದು; ಇದಕ್ಕೆ ಶ್ರಮ ಹೆಚ್ಚು, ನಂಬಿಕೆಯೂ ಹೆಚ್ಚು. ವಿಧಾನದ ಆಯ್ಕೆಯಲ್ಲಿಯೇ ಮುಂದಿನ ವಿದ್ವಾಂಸನಿಗೆ ಏನು ಉಳಿಯುತ್ತದೆ ಎಂಬುದು ಅರ್ಧ ತೀರ್ಮಾನವಾಗಿಬಿಡುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ನಮ್ಮ ಬೆಟ್ಟಸೀಮೆಯ ಇಂದಿನ ಚರಿತ್ರೆ ಕಲ್ಲಿನ ಮೇಲೂ ಇಲ್ಲ, ಬಹುಮಟ್ಟಿಗೆ ಕಾಗದದ ಮೇಲೂ ಇಲ್ಲ, ಅದು ಜಾಲಪುಟಗಳಲ್ಲಿದೆ. ಆಲೂರು ಸಕಲೇಶಪುರಗಳ ಆನೆಗಳ ಸಮಸ್ಯೆಯನ್ನೇ ತೆಗೆದುಕೊಳ್ಳಿ. ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅಂದಿನಿಂದ ಇಂದಿನವರೆಗೆ ಯಾವ ತೋಟಕ್ಕೆ ಆನೆ ಬಂತು, ಯಾರ ಗದ್ದೆ ಹೋಯಿತು, ಯಾರ ಪ್ರಾಣ ಹೋಯಿತು ಎಂಬ ದಿನದಿನದ ವಾರ್ತೆಯಲ್ಲಿ ಬಹುಭಾಗ ಪರದೆಯ ಮೇಲೆ ಮೂಡಿ ಮರೆಯಾಗುತ್ತದೆ. ಎತ್ತಿನಹೊಳೆಯ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಗಿ, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. ಆ ಹತ್ತು ವರ್ಷಗಳ ವಾದವಿವಾದವೂ ಹೆಚ್ಚಾಗಿ ಅಲ್ಲಿಯೇ ಇದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ನೀರಿನಡಿಗೆ ಹೋದ ಊರುಗಳ ನೆನಪನ್ನು ಆ ಊರಿನವರ ಮಕ್ಕಳು ಈಗ ಬರೆಯುತ್ತಿರುವುದೂ ಅಲ್ಲಿಯೇ. ಆ ಊರುಗಳು ಒಮ್ಮೆ ಮುಳುಗಿವೆ. ಅವುಗಳ ನೆನಪು ಎರಡನೆಯ ಸಲ ಮುಳುಗಬಾರದು.

ಇದು ಅತಿಶಯೋಕ್ತಿಯಲ್ಲ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ನೂರಕ್ಕೆ 38 ಭಾಗ ಹತ್ತು ವರ್ಷಗಳಲ್ಲಿ ಕಾಣೆಯಾಗಿದ್ದವೆಂದು ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ತಿಳಿಸಿತು. ನನ್ನ ವಿದ್ಯಾರ್ಥಿನಿಯೊಬ್ಬಳು ಮಲೆನಾಡಿನ ಸುಗ್ಗಿಹಬ್ಬವನ್ನು ಕುರಿತು ಪ್ರಬಂಧ ಬರೆಯುವಾಗ ಒಂದು ತಾಣದ ಲೇಖನಮಾಲೆಯನ್ನು ಆಧಾರವಾಗಿಟ್ಟುಕೊಂಡಿದ್ದಳು. ಪ್ರಬಂಧ ಮುಗಿಯುವ ಹೊತ್ತಿಗೆ ತಾಣವೇ ಇರಲಿಲ್ಲ. ಅವಳ ಅಡಿಟಿಪ್ಪಣಿಗಳು ಮನೆ ಬಿದ್ದುಹೋದ ಮೇಲೆ ಉಳಿದ ಬಾಗಿಲಿನ ಹಾಗೆ ನಿಂತವು.

ಹಾಗಾದರೆ ಜಾಲಪುಟದ ಪಡಿಯಚ್ಚನ್ನು ತೆಗೆಯುವುದು ಹೇಗೆ? ಬ್ರೌಸರಿನಲ್ಲಿ ಹಲವು ಸಲಕರಣೆಗಳಿವೆ. ಒಂದೊಂದರ ಗುಣವೂ ಬೇರೆ.

ಪರದೆಯ ಚಿತ್ರ, ಎಂದರೆ ಸ್ಕ್ರೀನ್‌ಶಾಟ್, ಎಲ್ಲಕ್ಕಿಂತ ಸುಲಭ. ಆದರೆ ಅದು ಬರಿಯ ಚಿತ್ರ. ಒಳಗಿನ ಮಾತನ್ನು ಹುಡುಕಲಾಗದು, ಎಷ್ಟೋ ಸಲ ವಿಳಾಸವೂ ತಾರೀಖೂ ಇರುವುದಿಲ್ಲ. ಪಿಡಿಎಫ್ ಅಚ್ಚುಕಟ್ಟಾಗಿದೆ, ಮುದ್ರಣಕ್ಕೆ ಅನುಕೂಲ. ಆದರೆ ಕನ್ನಡದ ಮಟ್ಟಿಗೆ ಒಂದು ತೊಡಕುಂಟು: ಕಣ್ಣಿಗೆ ಸರಿಯಾಗಿ ಕಾಣುವ ಪಿಡಿಎಫ್‌ನಿಂದ ಪಾಠವನ್ನು ಹೊರತೆಗೆದರೆ ಒತ್ತಕ್ಷರವೂ ಗುಣಿತವೂ ಅನೇಕ ವೇಳೆ ಸ್ಥಾನಪಲ್ಲಟವಾಗಿರುತ್ತವೆ. ಪುಟವನ್ನು ಮೂಲರೂಪದಲ್ಲಿಯೇ ಉಳಿಸುವ ‘ಸಿಂಗಲ್‌ಫೈಲ್’ ಎಂಬ ಉಚಿತ ವಿಸ್ತರಣೆ ಫೈರ್‌ಫಾಕ್ಸ್, ಕ್ರೋಮ್ ಎರಡರಲ್ಲಿಯೂ ದೊರೆಯುತ್ತದೆ. ಅದು ಬರಹ, ಚಿತ್ರ, ವಿನ್ಯಾಸಗಳನ್ನೆಲ್ಲ ಒಂದೇ ಕಡತದಲ್ಲಿ ಕಟ್ಟಿ, ಮೂಲವಿಳಾಸವನ್ನೂ ಉಳಿಸಿದ ದಿನವನ್ನೂ ಒಳಗೆ ಬರೆದಿಡುತ್ತದೆ. ಓಲೆಯ ಕೊನೆಯಲ್ಲಿ ಪ್ರತಿಕಾರನು ಇಂಥ ದಿನ ಬರೆದು ಮುಗಿಸಿದೆನೆಂದು ಗುರುತು ಹಾಕುತ್ತಿದ್ದನಷ್ಟೆ; ಇದೂ ಅದೇ ಸಂಪ್ರದಾಯ. ಸಂಶೋಧಕರಿಗೆ ‘ಜೋಟೆರೊ’ ಇನ್ನೂ ಉಪಯುಕ್ತ. 2006ರಿಂದ ಬಳಕೆಯಲ್ಲಿರುವ ಅದು ಪುಟದ ಪ್ರತಿಯ ಜೊತೆಗೆ ಲೇಖಕ, ಶೀರ್ಷಿಕೆ, ದಿನಾಂಕಗಳನ್ನೂ ಜೋಡಿಸಿಡುತ್ತದೆ.

ಇವೆಲ್ಲ ನಮ್ಮ ಮನೆಯ ಪ್ರತಿಗಳು. ಮನೆಯ ಪ್ರತಿಯನ್ನು ತಿದ್ದಿಲ್ಲವೆಂಬುದಕ್ಕೆ ಸಾಕ್ಷಿ ಯಾರು? ಗಂಗರ ತಾಮ್ರಪಟಗಳಲ್ಲಿ ಹಲವನ್ನು ಕೂಟಶಾಸನಗಳೆಂದು ಫ್ಲೀಟ್ ತಳ್ಳಿಹಾಕಿದ್ದು, ರೈಸ್ ಅವನ್ನು ಸಮರ್ಥಿಸಿದ್ದು ಶಾಸನಶಾಸ್ತ್ರದ ದೊಡ್ಡ ವಾದಗಳಲ್ಲೊಂದು. ಅಂಥ ಸಂಶಯಕ್ಕೆ ಮೂರನೆಯವರ ಪ್ರತಿ ಮದ್ದು. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ತನ್ನ ‘ವೇಬ್ಯಾಕ್ ಮಷೀನ್’ ಅನ್ನು 2001ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನಾವು ಪುಟದ ವಿಳಾಸ ಕೊಟ್ಟರೆ ಅದು ತನ್ನ ಭಂಡಾರದಲ್ಲಿ ದಿನಾಂಕಸಹಿತ ಪ್ರತಿ ಮಾಡಿಕೊಳ್ಳುತ್ತದೆ. ಆದರೆ ಎಲ್ಲ ತಾಣಗಳೂ ಅದಕ್ಕೆ ಬಾಗಿಲು ತೆರೆಯುವುದಿಲ್ಲ; 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ಆ ಭಂಡಾರವೇ ಕೆಲವು ದಿನ ಮುಚ್ಚಿತ್ತು. ‘ಆಮೇಲೆ ಓದೋಣ’ವೆಂದು ಲಕ್ಷಾಂತರ ಜನ ಪುಟಗಳನ್ನು ಸೇರಿಸಿಡುತ್ತಿದ್ದ ‘ಪಾಕೆಟ್’ ಸೇವೆ 2025ರ ಜುಲೈಯಲ್ಲಿ ನಿಂತೇಹೋಯಿತು. ಅನ್ಯರ ಕಣಜದಲ್ಲಿ ಮಾತ್ರ ಭತ್ತವಿಟ್ಟವನು ಬಿತ್ತನೆಯ ಕಾಲಕ್ಕೆ ಬೀಗ ನೋಡಬೇಕಾದೀತು.

ಕನ್ನಡಕ್ಕೆ ಇನ್ನೊಂದು ಅನುಭವವೂ ಇದೆ. 1996ರಲ್ಲಿ ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು ಆರಂಭಿಸಿದ ಮೇಲೆ ಕನ್ನಡ ತಾಣಗಳು ಒಂದೊಂದಾಗಿ ಹುಟ್ಟಿದವು. ಯೂನಿಕೋಡ್ ಬಳಕೆಗೆ ಬರುವ ಮೊದಲು ಅನೇಕ ತಾಣಗಳು ತಮ್ಮತಮ್ಮದೇ ಅಕ್ಷರಶೈಲಿಗಳನ್ನು ನೆಚ್ಚಿಕೊಂಡಿದ್ದವು. ಆ ಕಾಲದ ಪುಟವನ್ನು ಅಕ್ಷರಶೈಲಿಯಿಲ್ಲದೆ ಉಳಿಸಿದ್ದವರಿಗೆ ಇಂದು ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಪ್ರತಿ ಉಳಿಯಿತು, ಲಿಪಿ ಹೋಯಿತು. ಆದ್ದರಿಂದ ಸಲಕರಣೆ ಯಾವುದಾದರೂ ಸರಿ, ಉಳಿಸಿದ ಕೂಡಲೆ ಜಾಲದ ಸಂಪರ್ಕವನ್ನು ಕಡಿದು ಆ ಕಡತವನ್ನು ಒಮ್ಮೆ ತೆರೆದು ಓದಿ ನೋಡಬೇಕು. ಪಡಿಯಚ್ಚನ್ನು ಕಲ್ಲಿನ ಎದುರಿನಲ್ಲಿಯೇ ಪರೀಕ್ಷಿಸುವುದು ಜಾಣತನ.

ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವ ಕ್ರಮ ಇಷ್ಟು: ಆಧಾರವಾಗಿ ಬಳಸುವ ಪ್ರತಿಯೊಂದು ಪುಟವನ್ನೂ ಸಿಂಗಲ್‌ಫೈಲ್ ಅಥವಾ ಜೋಟೆರೊದಿಂದ ಉಳಿಸಿ, ಅದೇ ದಿನ ವೇಬ್ಯಾಕ್‌ಗೂ ಒಪ್ಪಿಸಿ, ಕಡತದ ಹೆಸರಿನಲ್ಲಿ ಊರು, ವಿಷಯ, ದಿನಾಂಕ ಸೇರಿಸಿ, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ. ಅಭ್ಯಾಸಕ್ಕಾಗಿ ಉಳಿಸಿದ್ದನ್ನು ಲೇಖಕರ ಅನುಮತಿಯಿಲ್ಲದೆ ಮರುಪ್ರಕಟಿಸಬೇಡಿ; ಖಾಸಗಿಯಾಗಿ ಹೇಳಿದ ನೋವನ್ನು ಭಂಡಾರಕ್ಕೆ ಹಾಕಬೇಡಿ.

ಮಂಜರಾಬಾದಿನ ಊರೂರು ಸುತ್ತಿ ಕಲ್ಲುಗಳನ್ನು ನಕಲು ಮಾಡಿದವರಿಗೆ ಎಲ್ಲ ಶಾಸನಗಳೂ ಸಿಕ್ಕಲಿಲ್ಲ. ಸಿಕ್ಕವುಗಳಿಂದಲೇ ನಮ್ಮ ಸೀಮೆಯ ಚರಿತ್ರೆ ಎದ್ದು ನಿಂತಿತು. ಇಂದಿನ ಕೆಲಸಕ್ಕೆ ಕುದುರೆಯೂ ಬೇಡ, ಮಸಿಯುಂಡೆಯೂ ಬೇಡ. ಪ್ರತಿ ಕಾಲೇಜಿನ ಕನ್ನಡ ವಿಭಾಗವೂ ಇತಿಹಾಸ ವಿಭಾಗವೂ ತನ್ನ ತಾಲ್ಲೂಕಿಗೆ ಸಂಬಂಧಪಟ್ಟ ಪುಟಗಳನ್ನು ವಾರಕ್ಕೆ ಹತ್ತರಂತೆ ಉಳಿಸಿಟ್ಟರೆ ವರ್ಷಕ್ಕೆ ಐದುನೂರಾಗುತ್ತದೆ. ಎರಡೇ ವರ್ಷಗಳಲ್ಲಿ ಅತ್ತಿಮಬ್ಬೆಯ ಸಾವಿರವನ್ನು ಮುಟ್ಟಬಹುದು.